ಮೆಷಿನ್ ನಿಲ್ಲಿಸದೆ ನೋಡಿದ ಮೀನುಗಳು

ನಮ್ಮ ಮನೆಯ ಮೀನುಗಳನ್ನು ಕೊಂದದ್ದು ದೀಪಾವಳಿ. ಹೀಗೆ ಹೇಳಿದರೆ ಪಟಾಕಿ ಸದ್ದಿಗೆ ಸತ್ತವೇನೋ ಅಂದುಕೊಳ್ಳುತ್ತಾರೆ ಜನ. ಪಟಾಕಿಯೂ ಇಲ್ಲ, ಮಣ್ಣೂ ಇಲ್ಲ. ಅವು ಸತ್ತದ್ದು ಹಂಡೆ ನೀರಿಗೆ. ನೀರು ತುಂಬುವ ಹಬ್ಬದ ದಿನ ನಮ್ಮ ಕಡೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಹೊಸ ನೀರು ತುಂಬಿ, ಕುತ್ತಿಗೆಗೆ ಹಿಂಡ್ಲೆಕಾಯಿಯ ಕಾಡುಬಳ್ಳಿ ಕಟ್ಟಿ, ಬಿಳೀ ಶೇಡಿ, ಕೆಮ್ಮಣ್ಣಿನ ಪಟ್ಟೆ ಎಳೆದು ಪೂಜೆ ಮಾಡುತ್ತೇವೆ. ಮರುದಿನ ಬೆಳಿಗ್ಗೆ ಮನೆಯವರೆಲ್ಲ ಎಣ್ಣೆ ಹಚ್ಚಿಕೊಂಡು ಅದೇ ನೀರು ಮೀಯಬೇಕು. ಮೀಯದೆ ಯಾರೂ ತಿಂಡಿಗೆ ಕೂರುವ ಹಾಗಿಲ್ಲ. ಮನೆಯವರೆಲ್ಲ ಅಂದರೆ ಮೀನೂ ಸೇರಿತು ಅಂತ ನಮ್ಮನೆಯವರ, ಅಂದರೆ ನನ್ನ ಗಂಡನ, ವಾದ. ಮೀನಿನ ಟ್ಯಾಂಕ್ ಬಂದ ಮೇಲೆ ಪ್ರತಿ ವರ್ಷ ತಾವು ಮಿಂದು ಬಂದವರೇ ಒಂದು ಚೊಂಬು ಹಂಡೆ ನೀರು ತಂದು, ಬಿಸಿ ಆರಿಸಿ, ಅದಕ್ಕೆ ಹಾಕುತ್ತಿದ್ದರು.

"ಎಣ್ಣೆ ಒಂದು ಹಚ್ಚೋದು ಬಾಕಿ. ಸೀಗೆಪುಡಿ ಬೇಕಾ?" ಅಂತ ನಾನು ನಗಾಡುತ್ತಿದ್ದೆ.

ಅಷ್ಟು ದೊಡ್ಡ ಟ್ಯಾಂಕಿಗೆ ಒಂದು ಚೊಂಬು ನೀರಿನಿಂದ ಎಂತದೂ ಆಗುತ್ತಿರಲಿಲ್ಲ. ಹೋದ ದೀಪಾವಳಿಗೆ ಮಾತ್ರ ಅವರು ಬಕೆಟಿನಲ್ಲಿ ಹೊತ್ತು ತಂದು ಸುರಿದಿದ್ದರು. ನಾನು ಒಲೆ ಮುಂದೆ ದೋಸೆ ಹುಯ್ಯುತ್ತಿದ್ದೆ, ನನಗೆ ಗೊತ್ತಾಗಲಿಲ್ಲ. ಯಾಕೆ ಬಕೆಟಿನಲ್ಲಿ ಸುರಿದರು ಅನ್ನುವುದು ಗೊತ್ತಾದಾಗ ಮೀನು ಸತ್ತದ್ದೇ ಸಣ್ಣ ಸಂಗತಿಯಾಗಿ ಹೋಯಿತು.

ನಾನು ಕೊಪ್ಪ ಪೇಟೆಯಲ್ಲಿ ಹೊಲಿಗೆ ಮಾಡುವವಳು. ನಾವಿರುವ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಪೇಟೆಯ ಅರ್ಧ ಹೆಂಗಸರ ಅಳತೆ ನನಗೆ ಬಾಯಿಪಾಠ. ಯಾರು ದಪ್ಪ ಆದರು, ಯಾರು ದಪ್ಪ ಆದರೂ ಒಪ್ಪಿಕೊಳ್ಳುವುದಿಲ್ಲ, ಎಲ್ಲ ಗೊತ್ತು. ಬಾಯಿಯೂ ನನ್ನದು ಸಣ್ಣದಲ್ಲ. "ನಿನ್ನ ಬಾಯಿಗೊಂದು ಹುಕ್ಕು ಹಾಕಿಸಿಕೊ ಮಾರಾಯ್ತಿ" ಅಂತ ನಮ್ಮನೆಯವರೇ ಹೇಳುತ್ತಿದ್ದರು. ಅವರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಶೃಂಗೇರಿ, ಕೊಪ್ಪ, ಎನ್.ಆರ್. ಪುರ ಅವರ ಲೈನು. ನಡುವೆ ಕೆಲವು ವರ್ಷ ಜಯಪುರದ ಮೇಲೆ ಬಸರೀಕಟ್ಟೆಗೂ ಓಡಿಸಿದ್ದರು. ಮಾತು ಕಡಿಮೆ. ಹಾರ್ನ್ ಕೂಡ ಕಡಿಮೆ. ಅವರ ಬಸ್ಸು ಹತ್ತಿದರೆ ಬಸುರಿಯರೂ ನಿದ್ದೆ ಮಾಡುತ್ತಾರೆ ಅಂತ ಊರಲ್ಲಿ ಹೆಸರಿತ್ತು.

ಅಂಥವರು ಒಂದು ದಿನ ಸಂಜೆ ಮನೆಗೆ ಬಂದು, ಖಾಕಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ, "ನಾಳೆಯಿಂದ ಹೋಗಲ್ಲ. ಬೆನ್ನು ನೋವು" ಅಂದರು. ಐವತ್ತು ಆಗಷ್ಟೇ ದಾಟಿತ್ತು. ಮಗಳ ಮದುವೆ ಮುಗಿದು, ಅವಳು ಮುತ್ತಿನಕೊಪ್ಪಕ್ಕೆ ಹೋಗಿ ಇನ್ನೂ ಸರಿಯಾಗಿ ಒಂದು ಮಳೆಗಾಲ ಕಳೆದಿರಲಿಲ್ಲ. ನಾನು ಸುಮ್ಮನಿರುವವಳಾ? "ಬೆನ್ನು ನೋವಂತೆ! ದಿನಾ ಬಗ್ಗಿ ಬಗ್ಗಿ ಹೊಲಿಯೋಳು ನಾನು. ನಂಗೆ ಬಾರದ ಬೆನ್ನು ನೋವು ನಿಮಗೆ ಬಂತಾ?" ಅಂದೆ. ಅವತ್ತು ಅಂದದ್ದಲ್ಲ, ಆಮೇಲೆ ವರ್ಷಗಟ್ಟಲೆ ಅಂದೆ. ಬ್ಲೌಸ್ ಕೊಡಲು ಬಂದವರ ಮುಂದೆ ಅಂದೆ. ಅವರು ಬಾವಿಯಿಂದ ಕೊಡಪಾನ ಎತ್ತಿ ತಂದರೆ, "ಜೋಪಾನ, ಬೆನ್ನು ಉಳುಕೀತು" ಅಂದೆ. ಅವರು ನಗುತ್ತಿದ್ದರು. ಎದುರು ಮಾತಾಡಿದ್ದೇ ಇಲ್ಲ.

ಕೆಲಸ ಬಿಟ್ಟ ಮೇಲೆ ಅವರು ಮನೆಗೆ ತಂದದ್ದು ಆ ಗಾಜಿನ ಟ್ಯಾಂಕ್. ನನ್ನ ಮೆಷಿನ್ನಿನ ಪಕ್ಕದ ಗೋಡೆಗೆ ಒಂದು ಗಟ್ಟಿ ಬೆಂಚು ಹಾಕಿ ಅದರ ಮೇಲೆ ಕೂರಿಸಿದರು. ಎಲ್ಲರ ಮನೆಯ ಹಾಗೆ ಪ್ಲಾಸ್ಟಿಕ್ ಗಿಡ, ಬಣ್ಣದ ಕಲ್ಲು, ಬಾಯಿ ತೆರೆಯುವ ಮೊಸಳೆ ಇಟ್ಟರೆ ಮುಗಿಯಿತಲ್ಲ. ಇವರು ಹಾಗಲ್ಲ. ಗೆಳೆಯ ಡ್ರೈವರುಗಳ ಬಸ್ಸು ಹತ್ತಿ ಹೋಗಿ, ತಮ್ಮ ಹಳೇ ಲೈನಿನ ಹಳ್ಳ, ತೋಡು, ಕೆರೆಗಳಿಂದ ಒಂದೊಂದೇ ನೀರುಗಿಡ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟರು. ಅಗಲ ಎಲೆಯದ್ದು ಶೃಂಗೇರಿ ದಾರಿಯ ಹಳ್ಳದ್ದು. ಉದ್ದ ರಿಬ್ಬನ್ನಿನ ಹಾಗೆ ಬಳುಕುವುದು ಮುತ್ತಿನಕೊಪ್ಪದ ಕೆರೆಯದ್ದು. ಪಾಚಿ ಹಿಡಿದ ಕಲ್ಲು ಬಸರೀಕಟ್ಟೆಯ ತೋಡಿನದ್ದು. ತುದಿ ಕೆಂಪಾಗುವ ಸಣ್ಣ ಎಲೆಯ ಗಿಡವನ್ನು ಜಯಪುರದ ಹತ್ತಿರ ಗದ್ದೆಯ ಅಂಚಿನಿಂದ ತಂದರು. ಯಾರಾದರೂ ಕೇಳಿದರೆ ಎಡದಿಂದ ಬಲಕ್ಕೆ ಬೆರಳಿಟ್ಟು ಸ್ಟಾಪು ಹೇಳಿದ ಹಾಗೆ ಹೇಳುತ್ತಿದ್ದರು. ಗಿಡ ಬೇರು ಬಿಟ್ಟು ಸೊಂಪಾದ ಮೇಲೆ ಎನ್.ಆರ್. ಪುರದ ಮೀನಿನ ಅಂಗಡಿಯಿಂದ ಬೆಂಕಿಕಡ್ಡಿಯಷ್ಟು ಉದ್ದದ ಮೀನುಗಳನ್ನು ತಂದು ಬಿಟ್ಟರು. ನೀಲಿ ಗೆರೆ, ಕೆಂಪು ಬಾಲ. ಗುಂಪಾಗಿ ಆ ಗಿಡದಿಂದ ಈ ಗಿಡಕ್ಕೆ ತಿರುಗುತ್ತಿದ್ದವು.

ಸಂಜೆಯಾದರೆ ಟ್ಯಾಂಕಿನ ಲೈಟು ಹಾಕಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕೂರುತ್ತಿದ್ದರು. "ಹೋಯ್, ಬಾ ಇಲ್ಲಿ. ನೋಡು ಒಮ್ಮೆ" ಅಂತ ಕರೆಯುತ್ತಿದ್ದರು. "ನೋಡಿದೆ, ಚಂದ ಇದೆ" ಅಂತ ನಾನು ಮೆಷಿನ್ ತುಳಿಯುತ್ತಲೇ ಹೇಳುತ್ತಿದ್ದೆ. ಮದುವೆ ಸೀಸನ್ನು, ಇನ್ನೊಬ್ಬಳ ಮಗಳ ಸೀಮಂತ, ಶಾಲೆಯ ಯೂನಿಫಾರಂ, ನನಗೆ ಕೆಲಸ ಯಾವಾಗ ಇರಲಿಲ್ಲ? "ಇದೊಂದು ತೋಳು ಆಗಲಿ" ಅನ್ನುತ್ತಿದ್ದೆ. ತೋಳು ಆದ ಮೇಲೆ ಇನ್ನೊಂದು ತೋಳು ಇರುತ್ತಿತ್ತು. ಅವರು ಮತ್ತೆ ಕರೆಯುತ್ತಿರಲಿಲ್ಲ. ಮರುದಿನ ಸಂಜೆ ಪುನಃ, "ಬಾ, ನೋಡು."

ಹೋದ ದೀಪಾವಳಿ ಕಳೆದ ಮೇಲೆ ಆ ಮೂಲೆಯಲ್ಲಿ ಒಂದು ಥರದ ವಾಸನೆ ಬರಲು ಶುರುವಾಯಿತು. "ನೀರು ನಾರ್ತಾ ಇದೆ, ತೊಳೀರಿ ಅದನ್ನ. ಗಿರಾಕಿಗಳು ಮೂಗು ಮುಚ್ಕೊಳ್ತಾರೆ" ಅಂತ ಬೈದೆ. ಅವರು ಹ್ಞೂಂ ಅಂದರು. ಒಂದು ಸಂಜೆ ನನ್ನ ಬಾಬಿನ್ ಕೈಜಾರಿ ಉರುಳಿ ಆ ಬೆಂಚಿನಡಿಗೆ ಹೋಯಿತು. ಮಂಡಿಯೂರಿ ಅದನ್ನು ಹೆಕ್ಕಿ ಮೇಲೆ ಏಳುವಾಗ ನನ್ನ ಮುಖ ಸರಿಯಾಗಿ ಗಾಜಿನ ಎದುರಿಗೆ ಬಂತು. ಒಳಗೆ ಗಿಡ ಇದ್ದವು. ಲೈಟು ಇತ್ತು. ಮೀನು ಒಂದೂ ಇರಲಿಲ್ಲ. ಅಗಲ ಎಲೆಯ ಬುಡದಲ್ಲಿ ಎರಡು ಮೂರು ಬಿಳೀ ಚೂರು ಬಿದ್ದಿತ್ತು, ಅಷ್ಟೆ. ಅದೇ ಹೊತ್ತಿಗೆ ನನ್ನ ತಲೆಯ ಮೇಲಿಂದ ಅವರ ಕೈ ಬಂತು. ಎರಡು ಬೆರಳಲ್ಲಿ ಮೀನಿನ ತಿಂಡಿ ಹಿಡಿದು ಉದುರಿಸುತ್ತ, "ಹೇಗೆ ಮುತ್ಕೊಳ್ತಾವೆ ನೋಡು" ಅಂದರು.

"ಯಾವ ಮೀನು?" ಅಂದುಬಿಟ್ಟೆ. ನನ್ನ ಬಾಯಿಗೆ ಹುಕ್ಕಿಲ್ಲ ಅಂತ ಅವರೇ ಹೇಳಿದ್ದರಲ್ಲ.

ಉದುರಿಸುವ ಕೈ ಅಲ್ಲೇ ನಿಂತಿತು. "ಗಿಡದ ಹಿಂದೆ ಇದಾವೆ" ಅಂದರು.

"ಗಿಡದ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಮೀನೇ ಇಲ್ಲ ಮಾರಾಯ್ರೆ. ಸತ್ತು ಕೊಳೆತು ಹೋಗಿದಾವೆ. ನಿಮಗೆ ಕಾಣಲ್ವಾ?"

ಆ ಕೊನೆಯ ಮಾತನ್ನು ನಾನು ಬೈಗುಳದ ಥರ ಹೇಳಿದ್ದು. ಅವರು ಅಂಗಿಯ ತೋಳು ಮಡಿಸದೆ ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ, ಎಡ ತುದಿಯ ಗಿಡದಿಂದ ಶುರು ಮಾಡಿ ಒಂದೊಂದೇ ಗಿಡವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹುಡುಕಿದರು. ಕಣ್ಣು ಟ್ಯಾಂಕಿನ ಕಡೆ ಇರಲೇ ಇಲ್ಲ, ಎದುರಿನ ಗೋಡೆಯ ಕ್ಯಾಲೆಂಡರ್ ಕಡೆ ಇತ್ತು. ಅಯ್ಯೋ ದೇವರೇ, ಅಂತ ಅನ್ನಿಸಿತು ನನಗೆ. ನೆಲದ ಮೇಲೆ ಹಾಗೇ ಕೂತೆ. ಇಷ್ಟು ದಿನ ನನ್ನಿಂದ ಒಂದು ಮಾರು ದೂರದಲ್ಲಿ ಕೂತು ಅವರು ಖಾಲಿ ನೀರಿಗೆ ಊಟ ಹಾಕುತ್ತಿದ್ದರು. ನಾನು ಚಂದ ಇದೆ ಅನ್ನುತ್ತಿದ್ದೆ.

ಮೀನಿನ ಅಂಗಡಿಗೆ ಫೋನ್ ಮಾಡಿದೆ. ವಿಷಯ ಪೂರ್ತಿ ಹೇಳುವ ಮೊದಲೇ ಅಂಗಡಿಯವರು, "ಅಕ್ಕಾ, ಹಂಡೆ ನೀರು ಹಾಕಿದ್ರಾ?" ಅಂತ ನಕ್ಕರು. ದೀಪಾವಳಿ ಆದ ಮೇಲೆ ಪ್ರತಿ ವರ್ಷ ಇಂಥ ಫೋನು ಬರುತ್ತದಂತೆ. ಹುಳಿ ಹಾಕಿ ತಿಕ್ಕಿದ ತಾಮ್ರ, ಅದರಲ್ಲಿ ರಾತ್ರಿಯಿಡೀ ನಿಂತ ನೀರು, ಮೇಲಿಂದ ಬಿಸಿ. ಮನುಷ್ಯರಿಗೆ ಒಳ್ಳೆಯದು ಅಂತ ನಾವು ಮೀಯುವ ನೀರು ಮೀನಿಗೆ ವಿಷ. ಗಿಡಕ್ಕೆ ಅಷ್ಟೇನೂ ಆಗುವುದಿಲ್ಲ, ನೀರು ಬದಲಿಸಿ ಬದಲಿಸಿ ಸರಿ ಮಾಡಿ, ಆಮೇಲೆ ಬನ್ನಿ ಅಂದರು. ಫೋನು ಸ್ಪೀಕರಿನಲ್ಲಿತ್ತು. ಅವರಿಗೂ ಕೇಳಿಸಿತು.

"ಒಂದು ಚೊಂಬು ಹಾಕ್ತಿದ್ರಲ್ಲ ಯಾವಾಗಲೂ?" ಅಂದೆ.

"ಟ್ಯಾಂಕಲ್ಲಿ ನೀರು ಇಳಿದಿದೆ ಅನ್ನಿಸ್ತು. ಎಲ್ಲಿವರೆಗೆ ಇದೆ ಅಂತ ಕಾಣ್ಲಿಲ್ಲ. ಹಬ್ಬದ ನೀರೇ ತುಂಬಿಸಿಬಿಡುವ ಅಂತ, ಅಂಚಿನ ಮೇಲಿಟ್ಟ ಕೈಗೆ ನೀರು ಸಿಗೋವರೆಗೂ ಹುಯ್ದೆ" ಅಂದರು. ಆಮೇಲೆ, "ಹಬ್ಬದ ದಿನ ನಾನೇ ಕೊಂದೆ ಅಂತ ಆಯ್ತು" ಅಂದರು. ನನಗೆ ಬೈಯಲಿಕ್ಕೆ ಬಾಯಿ ಬರಲಿಲ್ಲ. ನಮ್ಮ ಸಂಸಾರದಲ್ಲಿ ಅದು ಮೊದಲನೇ ಸಲ ಇರಬೇಕು.

ಮಗಳು ಬಂದಳು, ಮೂವರೂ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. ಗ್ಲಾಕೋಮಾ ಅಂತ ಹೆಸರು. ನೋವಿಲ್ಲ, ಕೆಂಪಾಗುವುದಿಲ್ಲ, ಬದಿಯಿಂದ ಸದ್ದಿಲ್ಲದೆ ತಿನ್ನುತ್ತ ಬರುತ್ತದೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದಿರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. "ಮೊದಲೇ ಬರಬೇಕಿತ್ತು. ಯಾವಾಗಿಂದ ಹೀಗೆ?" ಅಂತ ಕೇಳಿದರು. "ಈಚೆಗೆ ಸರ್" ಅಂದರು ಇವರು. ಡಾಕ್ಟರು ನನ್ನ ಮುಖ ನೋಡಿದರು. ಕೊಪ್ಪದ ಹೆಂಗಸರ ಸೊಂಟ ಅರ್ಧ ಇಂಚು ಹೆಚ್ಚಾದರೆ ದೂರದಿಂದಲೇ ಹೇಳುವವಳು ನಾನು.

ಬಲಗಣ್ಣಿನ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ದೊಡ್ಡದಾಗಿ, ಗಾಢ ಬಣ್ಣದಲ್ಲಿ, ನೇರ ಎದುರಿಗೆ ಬಂದರೆ ಸ್ವಲ್ಪ ಗೊತ್ತಾಗಬಹುದು ಅಂದಿದ್ದರು. ಆ ಒಂದು ಮಾತು ಹಿಡಿದುಕೊಂಡು ನಾನು ಹಟಕ್ಕೆ ಬಿದ್ದೆ. ಆ ಕಿಂಡಿ ಮುಚ್ಚುವುದರೊಳಗೆ ಅವರು ಆ ಟ್ಯಾಂಕಿನಲ್ಲಿ ಒಂದು ಮೀನನ್ನಾದರೂ ನೋಡಬೇಕು. ಬೇರೆ ಎಂತದೂ ನನ್ನ ಕೈಯಲ್ಲಿ ಇರಲಿಲ್ಲ, ಅದಕ್ಕೇ ಇರಬೇಕು ಅದನ್ನು ಅಷ್ಟು ಬಿಗಿಯಾಗಿ ಹಿಡಿದದ್ದು. ಬಾವಿಯ ನೀರು ಸೇದಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟು, ವಾರವಾರ ಟ್ಯಾಂಕಿನ ನೀರು ನಾನೇ ಬದಲಿಸಿದೆ. ಟ್ಯಾಂಕಿನ ಬಕೆಟು ಹಂಡೆಯ ಹತ್ತಿರವೂ ಸುಳಿಯದ ಹಾಗೆ ನೋಡಿಕೊಂಡೆ. ಗಿಡಗಳು ಮೀನಿನ ಹಂಗಿಲ್ಲದೆ ಸೊಗಸಾಗಿ ಬೆಳೆದವು. ಅವರು ಸಂಜೆ ಕುರ್ಚಿ ಎಳೆದುಕೊಂಡು ಕೂರುವುದು ಬಿಡಲಿಲ್ಲ. ಕೈ ಹಾಕಿ ಒಣಗಿದ ಎಲೆ ಹುಡುಕಿ ಚಿವುಟುತ್ತಿದ್ದರು. ನೋಡಲಿಕ್ಕೆ ಬಾ ಅಂತ ನನ್ನನ್ನು ಕರೆಯುವುದು ಮಾತ್ರ ನಿಂತಿತು. ಕರೆಯದೆ ಇದ್ದಾಗಲೇ ಆ ಹೊತ್ತು ಎಷ್ಟು ಉದ್ದ ಅಂತ ನನಗೆ ಗೊತ್ತಾದದ್ದು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಇವರನ್ನು ಹೊರಡಿಸಿಕೊಂಡು ಎನ್.ಆರ್. ಪುರದ ಬಸ್ಸು ಹತ್ತಿದೆ. ಬಸ್ಸಿನವರು, "ಅಣ್ಣ ಬಂದ್ರು, ಅಣ್ಣ ಬಂದ್ರು" ಅಂತ ಮುಂದಿನ ಸೀಟು ಖಾಲಿ ಮಾಡಿಸಿದರು. ಬಸ್ಸು ಪೇಟೆ ದಾಟಿದ ಮೇಲೆ ನಾನು ಅವರ ಕಾಲು ನೋಡಿದೆ. ತಿರುವು ಬರುವ ಮುಂಚೆ ಬಲಗಾಲು ನೆಲಕ್ಕೆ ಒತ್ತುತ್ತಿತ್ತು. "ಈಗ ದೊಡ್ಡ ತಿರುವು, ಗೇರ್ ಇಳಿಸ್ತಾನೆ" ಅಂದರು. ಇಳಿಸಿದ. "ಈ ಇಳಿಜಾರಲ್ಲಿ ಬಲಕ್ಕೊಂದು ಹಲಸಿನ ಮರ." ಮರ ಇತ್ತು. ದಾರಿಯೆಲ್ಲ ಅವರ ಮೈಯೊಳಗೆ ಕೂತಿತ್ತು.

"ಇಷ್ಟು ಗೊತ್ತಿದ್ದೂ ಯಾಕೆ ಬಿಟ್ರಿ ಬಸ್ಸು?" ಅಂದೆ. ಅಂದ ಮೇಲೆ ನನಗೇ ಹೊಳೆಯಿತು. "ಬೆನ್ನು ನೋವು ಅಂದಿದ್ರಲ್ಲ?"

"ಬೆನ್ನು ನೋವು ಎಲ್ಲಿತ್ತು ಮಾರಾಯ್ತಿ" ಅಂದರು.

ಇಂಜಿನ್ನಿನ ಸದ್ದಿನ ನಡುವೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. ಶೃಂಗೇರಿಯಲ್ಲಿ ಬಸ್ಸು ನಿಂತಿರುವಾಗ ಅವರು ಹೊಳೆಯ ಮೆಟ್ಟಿಲಿಗೆ ಹೋಗಿ ಕೂರುವುದು ಹಳೇ ಅಭ್ಯಾಸ. ಅಲ್ಲಿಯ ಮೀನನ್ನು ಯಾರೂ ಹಿಡಿಯುವುದಿಲ್ಲ. ತೋಳಷ್ಟು ದಪ್ಪದವು ಮೆಟ್ಟಿಲವರೆಗೆ ಬರುತ್ತವೆ, ಬಂದವರೆಲ್ಲ ಮಂಡಕ್ಕಿ ಹಾಕುತ್ತಾರೆ. ಅವತ್ತು ಸಂಜೆ ಇವರ ಅಕ್ಕಪಕ್ಕ ಯಾತ್ರೆಯವರು ತುಂಬಿದ್ದರು. ಒಬ್ಬ ಅಜ್ಜಿ ಮಂಡಕ್ಕಿ ಚೆಲ್ಲಿದಳು. ಅಬ್ಬಬ್ಬ ಎಷ್ಟು ಮೀನು, ಅದು ನೋಡು, ಇದು ನೋಡು ಅಂತ ಎಲ್ಲರೂ ಕೂಗಿದರು. ಚಪ್ ಚಪ್ ಅಂತ ಬಾಯಿ ಹಾಕುವ ಸದ್ದು ಇವರ ಕಾಲಬುಡದಲ್ಲೇ ಕೇಳುತ್ತಿತ್ತು. ಇವರಿಗೆ ಕಂಡದ್ದು ಬರೀ ಕಪ್ಪು ನೀರು. ಕಣ್ಣುಜ್ಜಿ ನೋಡಿದರು, ತಲೆ ಆಚೀಚೆ ಮಾಡಿ ನೋಡಿದರು, ನೀರು ಬಿಟ್ಟರೆ ಎಂತದೂ ಇಲ್ಲ. ಆಗ ಬಸ್ಸಿಗೆ ವಾಪಸು ಬಂದು, ಗಾಡಿಯನ್ನು ಇನ್ನೊಬ್ಬ ಡ್ರೈವರಿಗೆ ಕೊಟ್ಟು, ತಾವು ಪ್ಯಾಸೆಂಜರಾಗಿ ಕೊಪ್ಪಕ್ಕೆ ಬಂದು ಖಾಕಿ ಅಂಗಿ ಮೊಳೆಗೆ ಹಾಕಿದ್ದು.

"ನಂಗೆ ಹೇಳಬಹುದಿತ್ತಲ್ಲ" ಅಂದೆ.

"ಡ್ರೈವರಿಗೆ ಕಣ್ಣು ಕಾಣಲ್ಲ ಅಂತ ಪೇಟೇಲಿ ಗೊತ್ತಾದ್ರೆ? ಅಷ್ಟು ವರ್ಷ ನನ್ನ ಬಸ್ಸಲ್ಲಿ ಕೂತ ಜನ, ಅಯ್ಯೋ ಕುರುಡನ ಕೈಲಿ ಜೀವ ಕೊಟ್ಟಿದ್ವಾ ಅಂತ ಹೆದರ್ತಿದ್ರು. ಬೆನ್ನು ನೋವಿಗೆ ಯಾರೂ ಹೆದರಲ್ಲ" ಅಂದರು. ಆಮೇಲೆ ಸ್ವಲ್ಪ ನಕ್ಕು, "ನಿಂಗೆ ಹೇಳಿದ್ರೆ ಪೇಟೆಗೆ ಹೇಳಿದ ಹಾಗೇ" ಅಂದರು.

ನಾನು ನಗಲಿಲ್ಲ. ಅಷ್ಟು ವರ್ಷ ಆ ಬೆನ್ನಿನ ಮೇಲೆ ನಾನು ಹೇರಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಆಗಲೇ ಡಾಕ್ಟರ ಹತ್ತಿರ ಹೋಗಿದ್ದರೆ ಅರ್ಧ ಕಣ್ಣಾದರೂ ಉಳಿಯುತ್ತಿತ್ತು. ಹೆಂಡತಿಯ ಬಾಯಿಗೆ ಹೆದರಿ ಒಬ್ಬ ಮನುಷ್ಯ ಕಣ್ಣು ಕಳೆದುಕೊಂಡ ಅಂತ ಯಾರಾದರೂ ಹೇಳಿದ್ದರೆ, ಯಾರವಳು ಆ ಮಾರಿ ಅಂತ ನಾನೇ ಕೇಳುತ್ತಿದ್ದೆ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅದೂ ಅವರಿಗೆ ಕಾಣಲಿಲ್ಲ.

ಮೀನಿನ ಅಂಗಡಿ ಉದ್ದಕ್ಕೆ, ಕತ್ತಲೆಗೆ, ಎರಡೂ ಗೋಡೆಗೆ ಗಾಜಿನ ಟ್ಯಾಂಕುಗಳು. ನಾನು ಸೀದಾ ಗೋಲ್ಡ್‌ಫಿಶ್ ಇದ್ದಲ್ಲಿಗೆ ಹೋದೆ. ಕಿತ್ತಳೆ ಬಣ್ಣದ್ದು, ನನ್ನ ಅಂಗೈ ಅಗಲ. ಇದಕ್ಕಿಂತ ದೊಡ್ಡದು, ಇದಕ್ಕಿಂತ ಗಾಢ ಬಣ್ಣ ಎಲ್ಲಿ ಸಿಗುತ್ತೆ? "ಇದೇ ಆಗಲಿ" ಅಂದೆ. ಇವರು ತಲೆ ಆಡಿಸಿದರು. ಗೋಲ್ಡ್‌ಫಿಶ್ ಗಿಡ ತಿನ್ನುತ್ತದೆ, ಬುಡ ಅಗೆಯುತ್ತದೆ, ಒಂದು ತಿಂಗಳಿಗೆ ಟ್ಯಾಂಕು ಬೋಳು. "ನನ್ನ ಲೈನೆಲ್ಲ ಕಿತ್ತು ಹಾಕ್ತಾವೆ ಅವು. ಗಿಡ ಕೈಗಾದ್ರೂ ಸಿಗ್ತಾವೆ ನಂಗೆ. ಆ ಹಳೇ ಸಣ್ಣವೇ ಸಾಕು" ಅಂದರು.

"ಆ ಸಣ್ಣವು ಕಾಣಲಿಕ್ಕುಂಟಾ ನಿಮಗೆ? ಕಾಣದ ಮೀನು ಯಾರಿಗೆ?" ಅಂತ ಕೂಗಿದೆ. ಅಂಗಡಿಯವರು ಯಾವುದೋ ಪೈಪು ಸರಿ ಮಾಡುವ ನೆಪದಲ್ಲಿ ಒಳಗೆ ಹೋದರು.

"ಎಲ್ಲ ಕಾಣುತ್ತೆ, ಸ್ವಲ್ಪ ಮಸುಕು ಅಷ್ಟೆ" ಅಂದರು ಇವರು. ಆವಾಗ ನನ್ನೊಳಗೆ ಅದೆಂಥ ಶನಿ ಹೊಕ್ಕಿತೋ. ಅವರ ಭುಜ ಹಿಡಿದು ನಡೆಸಿಕೊಂಡು ಹೋಗಿ ಒಂದು ಟ್ಯಾಂಕಿನ ಎದುರು ನಿಲ್ಲಿಸಿದೆ. "ಇದು ನೋಡಿ. ಕೆಂಪು ಮೀನು, ದೊಡ್ಡದು. ಇದು ಗಿಡ ತಿನ್ನಲ್ಲವಂತೆ. ಕಾಣುತ್ತಾ?" ಅಂದೆ.

ಅವರು ಬಗ್ಗಿ, ಮನೆಯಲ್ಲಿ ಮಾಡುತ್ತಿದ್ದ ಹಾಗೇ ಮೂಗು ಗಾಜಿಗೆ ತಾಗಿಸಿ, ಬಹಳ ಹೊತ್ತು ನೋಡಿದರು. "ಹ್ಞಾಂ, ಕಾಣ್ತು. ಚಂದ ಇದೆ" ಅಂದರು.

ಆ ಟ್ಯಾಂಕಿನಲ್ಲಿ ಬರೀ ನೀರಿತ್ತು. ಗುಳ್ಳೆ ಏಳುವ ಒಂದು ಪೈಪು ಬಿಟ್ಟರೆ ಒಳಗೆ ಎಂತದೂ ಇರಲಿಲ್ಲ.

ಪರೀಕ್ಷೆ ಮಾಡಬೇಕು ಅಂತ ನಾನೇ ಮಾಡಿದ್ದು, ಉತ್ತರ ಸಿಕ್ಕಿತು, ಈಗ ಎಂತ ಮಾಡಲಿ ಅಂತ ಗೊತ್ತಾಗಲಿಲ್ಲ. ನನ್ನ ಮಾತು ನಿಂತದ್ದರಿಂದಲೇ ಅವರಿಗೆ ಅರ್ಥ ಆಯಿತು. ನಿಧಾನಕ್ಕೆ ನೆಟ್ಟಗಾದರು. "ಇಲ್ವಾ ಅದರಲ್ಲಿ?" ಅಂದರು. ಸಿಟ್ಟೇನಿರಲಿಲ್ಲ. "ಕಾಣುತ್ತೆ ಅಂದ್ರೆ ನಿಂಗೆ ಸಮಾಧಾನ ಆಗ್ತದೇನೋ ಅಂತ ಹೇಳಿದೆ. ಬಿಡು. ಆ ಕಿಂಡಿ ಮುಚ್ಚಿ ಆಯ್ತು."

ಅಲ್ಲೇ, ಆ ಮೀನುಗಳ ನಡುವೆ, ಅಂಗಡಿಯವರು ಬಂದಾರು ಅಂತಲೂ ನೋಡದೆ ನಾನು ಅತ್ತೆ. ಅವರು ನನ್ನ ಬೆನ್ನು ತಟ್ಟಲು ಕೈ ಚಾಚಿದರು, ಅದು ನನ್ನ ಸೊಂಟದ ಪಕ್ಕ ನೇತಾಡುವ ಚೀಲಕ್ಕೆ ತಾಗಿತು, ಅದನ್ನೇ ತಟ್ಟಿದರು. "ಬಾ, ಇನ್ನು ನಿಂಗೆ ಯಾವುದು ಇಷ್ಟ ಅದನ್ನು ಆರಿಸು. ನೋಡೋಳು ನೀನೇ ಅಲ್ವಾ" ಅಂದರು.

ನಾನು ಮೀನು ನೋಡಿದವಳೇ ಅಲ್ಲ. ನಿಜ ಹೇಳುತ್ತೇನೆ, ಆ ದಿನ ಆ ಅಂಗಡಿಯಲ್ಲಿ ಮೊದಲ ಸಲ ಒಂದೊಂದು ಟ್ಯಾಂಕಿನ ಎದುರು ನಿಂತು ಮೀನು ನೋಡಿದೆ. ಅವರು ನನ್ನ ಮೊಣಕೈ ಹಿಡಿದು ಹಿಂದೆ ಹಿಂದೆ ಬಂದರು. ಒಂದು ಜಾತಿಯದು ಸುಮ್ಮನೆ ಕಾರಣವಿಲ್ಲದೆ ಓಡುತ್ತಿತ್ತು. ಒಂದು ಇನ್ನೊಂದರ ಬಾಲ ಕಚ್ಚುತ್ತಿತ್ತು. "ಇದು ನಿಮ್ಮ ಅತ್ತಿಗೆಯ ಹಾಗೆ" ಅಂದೆ. ನಕ್ಕರು. ಕೊನೆಯ ಸಾಲಿನಲ್ಲಿ, ಕತ್ತಲೆ ಮೂಲೆಯಲ್ಲಿ ಗೌರಾಮಿ ಅನ್ನುವ ಮೀನಿತ್ತು. ಚಪ್ಪಟೆ ಮೈ, ಅದರ ತುಂಬ ಬಿಳೀ ಚುಕ್ಕಿ, ಬುಟ್ಟಾ ಹಾಕಿದ ರೇಷ್ಮೆ ಬ್ಲೌಸ್ ಪೀಸಿನ ಹಾಗೆ. ಗಡಿಬಿಡಿ ಇಲ್ಲ. ಗಂಟಲ ಕೆಳಗಿಂದ ಎರಡು ಉದ್ದನೆಯ ದಾರದಂಥ ಮೀಸೆ. ಅದನ್ನು ಮುಂದೆ ಚಾಚಿ ಗಾಜು ಮುಟ್ಟಿ ನೋಡುತ್ತೆ, ಪೈಪು ಮುಟ್ಟಿ ನೋಡುತ್ತೆ, ಪಕ್ಕದ ಮೀನಿನ ಕೆನ್ನೆ ಮುಟ್ಟಿ ನೋಡುತ್ತೆ, ಆಮೇಲೆ ಒಂದು ಗೇಣು ಮುಂದೆ ಹೋಗುತ್ತೆ. ಇದನ್ನು ಹೇಳಿದೆ.

"ಎಂತ, ತಡಕಾಡಿಕೊಂಡು ಹೋಗೋದಾ?" ಅಂದರು.

"ಹೌದು. ಮುಟ್ಟದೆ ಹೆಜ್ಜೆ ಇಡಲ್ಲ."

"ನನ್ನ ಜಾತಿಯದ್ದೇ. ಅದನ್ನೇ ತಗೋ" ಅಂದರು. ಗಿಡ ತಿನ್ನುವುದಿಲ್ಲ ಅಂತ ಅಂಗಡಿಯವರೂ ಹೇಳಿದರು. ನಾಲ್ಕು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತುಂಬಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಕೊಪ್ಪದವರೆಗೂ ಅವರು ಆ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು, ತಿರುವು ಬಂದಾಗ ತಾವೇ ವಾಲಿ, ನೀರು ಅಲುಗದ ಹಾಗೆ ತಂದರು.

ಗೌರಾಮಿಗಳು ನಮ್ಮ ಟ್ಯಾಂಕಿಗೆ ಹೊಂದಿಕೊಂಡವು. ಶೃಂಗೇರಿಯ ಅಗಲ ಎಲೆ ಮುಟ್ಟಿ, ಬಸರೀಕಟ್ಟೆಯ ಕಲ್ಲು ಮುಟ್ಟಿ, ಮುತ್ತಿನಕೊಪ್ಪದ ಹುಲ್ಲಿನೊಳಗೆ ನುಗ್ಗಿ ಹೊರಗೆ ಬರುತ್ತವೆ. ತಿಂಡಿ ಹಾಕಿದರೆ ಮೇಲೆ ಬಂದು ಚಪ್ ಅಂತ ಬಾಯಿ ಹಾಕುತ್ತವೆ. ಸಣ್ಣ ಸದ್ದು, ಆದರೂ ಅವರಿಗೆ ಕೇಳುತ್ತೆ. ಸದ್ದು ಬಂದ ಕಡೆ ತಿರುಗುತ್ತಾರೆ. ಶುರುವಿನ ದಿನಗಳಲ್ಲಿ ನಾನು ಪಕ್ಕದಲ್ಲಿ ನಿಂತು ಎಲ್ಲ ವರ್ಣಿಸಿದೆ. ಆಮೇಲೆ ಮದುವೆ ಸೀಸನ್ನು ಬಂತು. ಜಯಪುರದ ಒಂದೇ ಮನೆಯಿಂದ ಗೋಣಿಯಷ್ಟು ಬ್ಲೌಸು ಬಂದಿತ್ತು, ಎಲ್ಲದಕ್ಕೂ ಕೈಕಸೂತಿಯ ತೋಳು ಬೇಕು ಅಂತ ತಾಕೀತು.

"ಎಂತ ಮಾಡ್ತಿದಾವೆ ಈಗ?" ಅಂತ ಕೇಳಿದರು ಒಂದು ಸಂಜೆ.

"ಆಡ್ಕೊಂಡಿದಾವೆ. ಚಂದ ಇದೆ" ಅಂದೆ.

"ನೋಡ್ಲಿಲ್ಲ ನೀನು."

"ಯಾಕೆ ನೋಡ್ಲಿಲ್ಲ? ನೋಡಿಯೇ ಹೇಳಿದ್ದು" ಅಂತ ದಬಾಯಿಸಿದೆ.

"ಮೆಷಿನ್ ನಿಲ್ಲಲಿಲ್ಲ" ಅಂದರು.

ಆಕ್ಷೇಪಣೆಯ ದನಿಯಲ್ಲ ಅದು. ಬಸ್ಸು ಇನ್ನೂ ಬಂದಿಲ್ಲ ಅಂತ ಹೇಳಿದ ಹಾಗೆ ಹೇಳಿದರು. ನನ್ನ ಕಾಲು ಪೆಡಲ್ ಮೇಲೆ ಹಾಗೇ ಓಡುತ್ತಿತ್ತು, ಸೂಜಿ ಓಡುತ್ತಿತ್ತು, ಅದರ ಜೊತೆಗೆ ನನ್ನ ತಲೆಯೂ ಹಿಂದಕ್ಕೆ ಓಡಿತು. ಅಷ್ಟು ವರ್ಷದ ಸಂಜೆಗಳು. ಬಾ, ನೋಡು ಅಂತ ಕರೆದದ್ದು. ಕಣ್ಣು ಇನ್ನೂ ಸ್ವಲ್ಪ ಇದ್ದಾಗ, ಇಬ್ಬರೂ ಒಟ್ಟಿಗೆ ನೋಡುವ ಅಂತ ಕರೆದದ್ದು. ನೋಡಿದೆ, ಚಂದ ಇದೆ ಅಂತ ನಾನು ಹೇಳಿದ ಒಂದೊಂದು ಸಲವೂ ಹಿಂದಿನಿಂದ ಈ ಮೆಷಿನ್ನಿನ ಕಟಕಟ ಅವರಿಗೆ ಕೇಳುತ್ತಲೇ ಇತ್ತು. ಎಲ್ಲ ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ಮರುದಿನ ಕರೆಯುತ್ತಿದ್ದರು.

ಕಾಲು ತೆಗೆದೆ. ಚಕ್ರ ಒಂದು ಸುತ್ತು ತಾನೇ ತಿರುಗಿ ನಿಂತಿತು. ನಾನು ಏಳುವ ಮೊದಲೇ, ಆ ಸದ್ದು ನಿಂತದ್ದು ಕೇಳಿಯೇ, ಅವರು ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿ ಟ್ಯಾಂಕಿನ ಎದುರು ನನಗೆ ಜಾಗ ಬಿಟ್ಟರು.